ಬಾಟಲಿಯೊಳಗಿನ ಬೀಚು: ಸನ್‌ಸ್ಕ್ರೀನ್ ಘಮದ ಪರ್ಫ್ಯೂಮ್ ಆರಿಸಿ ಹಚ್ಚಿಕೊಳ್ಳುವ ಕ್ರಮ

ಬೀಚು ನೆನಪಾಗುವಂಥ ಪರ್ಫ್ಯೂಮ್ ಬೇಕು ಅಂತ ಹೊರಟವರಲ್ಲಿ ಬಹಳ ಮಂದಿ ಒಂದೇ ಜಾಗದಲ್ಲಿ ಎಡವುತ್ತಾರೆ. ನೀಲಿ ಬಾಟಲಿ ಕಣ್ಣಿಗೆ ಬೀಳುತ್ತದೆ. ಹೆಸರಿನಲ್ಲಿ ‘ಆಕ್ವಾ’ ಅಂತಲೋ ‘ಓಷನ್’ ಅಂತಲೋ ಇರುತ್ತದೆ. ಕಾಗದದ ಪಟ್ಟಿಗೆ ಒಂದು ಸಲ ಸ್ಪ್ರೇ ಮಾಡಿ, ಮೂಸಿ, ಕೊಂಡುಬಿಡುತ್ತಾರೆ. ಮನೆಗೆ ಬಂದು ಹಚ್ಚಿಕೊಂಡರೆ ಬೀಚೂ ಇಲ್ಲ, ಬಿಸಿಲೂ ಇಲ್ಲ. ಈಗಷ್ಟೇ ಗಡ್ಡ ಹೆರೆದುಕೊಂಡವರ ಕೆನ್ನೆಯ ಲೋಷನ್ ವಾಸನೆ. ಇನ್ನು ಕೆಲವರು ತೆಂಗಿನ ಘಮ ಚೆನ್ನಾಗಿದೆ ಅಂತ ತಂದು, ಅರ್ಧ ಗಂಟೆಯಲ್ಲಿ ಬಿಸ್ಕತ್ತಿನ ಪೊಟ್ಟಣದೊಳಗೆ ತಲೆ ಇಟ್ಟ ಹಾಗಾಗಿ ಸುಸ್ತಾಗುತ್ತಾರೆ.

ಹೆಚ್ಚಾಗಿ ಕೆಡುವುದು ಕ್ರಮ. ಯಾವ ಬೀಚು ಬೇಕು ಅಂತ ಗೊತ್ತು ಮಾಡಿಕೊಳ್ಳದೆ ಮೂಸಲು ಹೋಗುತ್ತೇವೆ. ತಣ್ಣನೆಯ ಎಸಿ ಕೋಣೆಯಲ್ಲಿ ಮೂಸಿದ್ದನ್ನು ಉರಿಬಿಸಿಲಲ್ಲಿ ಹಚ್ಚುತ್ತೇವೆ. ಕೆಳಗಿನ ಹಂತಗಳನ್ನು ಇದೇ ಸಾಲಿನಲ್ಲಿ ಮಾಡಿ. ಮೂರನೆಯದನ್ನು ಬೇಕಾದರೆ ಬಿಡಿ, ಐದನೆಯದನ್ನು ಮಾತ್ರ ಬಿಡಬೇಡಿ.

ಮೊದಲು ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದ್ದು

ವಾಸನೆ ಇಲ್ಲದ ದಪ್ಪ ಕಾಗದದ ಪಟ್ಟಿಗಳು, ಒಂದು ಪೆನ್ನು, ಸಣ್ಣ ನೋಟ್‌ಬುಕ್. ಒಂದೆರಡು ಮಿಲಿಲೀಟರಿನ ಸ್ಯಾಂಪಲ್ ಬಾಟಲಿಗಳು. ಒಂದು ಹಳೆಯ ಬಿಳಿ ಹತ್ತಿ ಬಟ್ಟೆ. ಇದು ಯಾಕೆ ಅಂತ ಏಳನೇ ಹಂತದಲ್ಲಿ ಹೇಳುತ್ತೇನೆ. ಜೊತೆಗೆ ನೀವು ನಿಜವಾಗಿ ಬಳಸುವ ಸನ್‌ಸ್ಕ್ರೀನ್. ಇದನ್ನು ಎಲ್ಲರೂ ಮರೆಯುತ್ತಾರೆ. ಬೇಸಿಗೆಯಲ್ಲಿ ನಿಮ್ಮ ಪರ್ಫ್ಯೂಮ್ ಆ ಸನ್‌ಸ್ಕ್ರೀನಿನ ವಾಸನೆಯ ಪಕ್ಕದಲ್ಲೇ ಬಾಳಬೇಕು, ಅಲ್ವಾ?

ಹಂತ 1: ಯಾವ ಬೀಚು ಅಂತ ತೀರ್ಮಾನಿಸಿ

‘ಬೀಚಿನ ವಾಸನೆ’ ಅಂತ ಒಂದೇ ವಾಸನೆ ಇಲ್ಲ. ಕಡೇಪಕ್ಷ ಮೂರು ಇವೆ, ಮೂರಕ್ಕೂ ಬೇರೆ ಬೇರೆ ಸರಕು ಬೇಕು.

ಒಂದು, ಮೈಯ ವಾಸನೆ: ಬಿಸಿಲಿಗೆ ಬೆಚ್ಚಗಾದ ಚರ್ಮ, ಕ್ರೀಮು, ಎಣ್ಣೆ, ಬಿಳಿ ಹೂವು. ಎರಡು, ನೀರಿನ ವಾಸನೆ: ಉಪ್ಪುಗಾಳಿ, ಒದ್ದೆ ಬಂಡೆ, ಪಾಚಿ. ಮೂರು, ಸಂಜೆಯ ವಾಸನೆ: ಒಣಗಿದ ಮರದ ತುಂಡು, ಬಿಸಿ ಮರಳು, ಸ್ನಾನ ಮಾಡಿ ಬಂದ ಮೇಲಿನ ಮೈ. ಮೊದಲನೆಯದು ಬೇಕಿದ್ದವರು ಎರಡನೆಯದನ್ನು ಕೊಳ್ಳುವುದೇ ಅತಿ ಸಾಮಾನ್ಯ ತಪ್ಪು. ನೀಲಿ ಬಾಟಲಿ ಹೆಚ್ಚಾಗಿ ಎರಡನೆಯ ಗುಂಪಿನದು.

ಸುಲಭದ ಪರೀಕ್ಷೆ ಇದೆ. ಮುಂಗೈ ಮೇಲೆ ಸನ್‌ಸ್ಕ್ರೀನ್ ಹಚ್ಚಿ, 10 ನಿಮಿಷ ಬಿಸಿಲು ಬೀಳುವ ಕಿಟಕಿ ಹತ್ತಿರ ಕೂತು, ಮೂಸಿ. ಹೊಳೆದ ಐದು ಪದ ಬರೆಯಿರಿ. ‘ಚೆನ್ನಾಗಿದೆ’, ‘ಫ್ರೆಶ್’ ಎರಡನ್ನೂ ಬರೆಯಬೇಡಿ. ‘ಮೆತ್ತಗೆ’, ‘ಪೌಡರ್’, ‘ಹಾಲು’, ‘ಉಪ್ಪು’, ‘ಲೋಹ’, ‘ಹಸಿ ಹೂವು’ ಥರದ್ದು ಬರಲಿ. ಆ ಐದು ಪದದ ಚೀಟಿ ಇಲ್ಲದೆ ಒಂದು ಟೆಸ್ಟರನ್ನೂ ಮುಟ್ಟಬೇಡಿ.

ಹಂತ 2: ಹೆಸರು ಬಿಟ್ಟು ಒಳಗಿನ ಸರಕು ನೋಡಿ

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ, ಯಾಕೆಂದರೆ ಆಯ್ಕೆಯ ಮುಕ್ಕಾಲು ಭಾಗ ಇಲ್ಲೇ ಮುಗಿಯುತ್ತದೆ.

ಸನ್‌ಸ್ಕ್ರೀನ್ ಅಂದಾಗ ನಮ್ಮ ಮೂಗಿಗೆ ನೆನಪಾಗುವ ಆ ಮೆತ್ತನೆಯ ಹೂವಿನ ವಾಸನೆಗೆ ಮುಖ್ಯ ಕಾರಣ ಸ್ಯಾಲಿಸಿಲೇಟುಗಳು ಅನ್ನುವ ರಾಸಾಯನಿಕಗಳ ಗುಂಪು, ಅದರಲ್ಲೂ ಬೆಂಜೈಲ್ ಸ್ಯಾಲಿಸಿಲೇಟ್. ಹಳೆಯ ಕಾಲದ ಬಿಸಿಲೆಣ್ಣೆಗಳಲ್ಲಿ ಇದನ್ನು ಬಿಸಿಲು ತಡೆಯಲೆಂದೇ ಹಾಕುತ್ತಿದ್ದರು. ವಾಸನೆ ಜೊತೆಗೆ ಬಂತು, ಜನರ ನೆನಪಲ್ಲಿ ಉಳಿಯಿತು. ಈಗ ಪರ್ಫ್ಯೂಮಿನವರು ‘ಸೋಲಾರ್ ನೋಟ್’ ಅನ್ನುವುದು ಹೆಚ್ಚುಕಡಿಮೆ ಇದರ ಸುತ್ತಲಿನ ಘಮವನ್ನೇ. ಜೊತೆಗೆ ಇಲಾಂಗ್ ಇಲಾಂಗ್ ಹೂವು ಇರುತ್ತದೆ. ಆ ಹೂವಿನ ಎಣ್ಣೆಯಲ್ಲೇ ಸ್ಯಾಲಿಸಿಲೇಟು ಸಹಜವಾಗಿ ಇರುವುದರಿಂದ ಎರಡೂ ಚೆನ್ನಾಗಿ ಬೆರೆಯುತ್ತವೆ. ಕಿತ್ತಳೆ ಹೂವು, ತಾಹಿತಿ ದ್ವೀಪದ ಬಿಳಿ ಹೂವಾದ ತಿಯಾರೆ ಕೂಡ ಇದೇ ಬಳಗದವು.

ಒಂದು ಎಚ್ಚರ: ಬೆಂಜೈಲ್ ಸ್ಯಾಲಿಸಿಲೇಟಿನ ವಾಸನೆ ಕೆಲವರ ಮೂಗಿಗೆ ತಾಗುವುದೇ ಇಲ್ಲ. ‘ಇದರಲ್ಲಿ ಏನೂ ಇಲ್ವಲ್ಲ’ ಅನ್ನಿಸಿದರೆ ಪಕ್ಕದವರಿಗೆ ಮೂಸಲು ಕೊಡಿ. ಅವರು ಸನ್‌ಸ್ಕ್ರೀನ್ ಅಂದರೆ ಪರ್ಫ್ಯೂಮ್ ಸರಿಯಿದೆ, ನಿಮ್ಮ ಮೂಗಿಗೆ ಆ ಅಣು ದಕ್ಕುವುದಿಲ್ಲ ಅಷ್ಟೇ. ಅಂಥವರು ತೆಂಗು, ತಿಯಾರೆ ಜಾಸ್ತಿ ಇರುವುದನ್ನು ಹುಡುಕುವುದು ಒಳ್ಳೆಯದು.

ತೆಂಗಿನ ಘಮ ತೆಂಗಿನಕಾಯಿಯಿಂದ ಬರುವುದು ಕಡಿಮೆ. ಗಾಮಾ ನೋನಾಲ್ಯಾಕ್ಟೋನ್ ಅನ್ನುವ ವಸ್ತುವಿನಿಂದ ಬರುವುದೇ ಹೆಚ್ಚು. ಹಳಬರು ಇದನ್ನು ‘ಆಲ್ಡಿಹೈಡ್ ಸಿ-18’ ಅನ್ನುತ್ತಾರೆ. ತಮಾಷೆಯೆಂದರೆ ಅದು ಆಲ್ಡಿಹೈಡ್ ಅನ್ನುವ ರಾಸಾಯನಿಕ ಬಳಗಕ್ಕೆ ಸೇರಿದ್ದೇ ಅಲ್ಲ. ಇದು ಹದವಾಗಿದ್ದರೆ ಕೆನೆ ಕೆನೆಯಾಗಿರುತ್ತದೆ, ಸ್ವಲ್ಪ ಮೀರಿದರೆ ಸಿಹಿತಿಂಡಿ. ವೆನಿಲ್ಲಾ ಜೊತೆ ಸೇರಿದರಂತೂ ಬಿಸಿಲಿಗೆ ಉಸಿರು ಕಟ್ಟುತ್ತದೆ.

ಎಸ್ಟೀ ಲಾಡರ್‌ನ ಬ್ರಾಂಜ್ ಗಾಡೆಸ್, ಗೆರ್ಲಾನ್‌ನ ಟೆರಾಕೋಟಾ ಲೆ ಪಾರ್ಫಂ, ಟಾಮ್ ಫೋರ್ಡ್‌ನ ಸೊಲೇ ಬ್ಲಾಂ, ಮೇಝೋಂ ಮಾರ್ಜೆಲಾದ ಬೀಚ್ ವಾಕ್ ಇವೆಲ್ಲ ಈ ಮೊದಲ ಗುಂಪಿನವು. ನಾಲ್ಕರಲ್ಲೂ ತೆಂಗು, ಬಿಳಿ ಅಥವಾ ಹಳದಿ ಹೂವು ಬೇರೆ ಬೇರೆ ಹದದಲ್ಲಿ ಸಿಗುತ್ತವೆ. ಇವುಗಳಲ್ಲಿ ಎರಡನ್ನು ಅಕ್ಕಪಕ್ಕ ಮೂಸಿದರೆ ಗುಂಪಿನ ಗುಟ್ಟು ತಿಳಿಯುತ್ತದೆ.

ನೀರಿನ ಗುಂಪಿನ ಕಥೆ ಬೇರೆ. ಉಪ್ಪಿಗೆ ವಾಸನೆ ಇಲ್ಲ. ಉಪ್ಪಿನ ಡಬ್ಬಿ ತೆರೆದು ಮೂಸಿ ನೋಡಿ. ಹಾಗಾಗಿ ‘ಸೀ ಸಾಲ್ಟ್’ ಅಂತ ಬರೆದಿರುವುದೆಲ್ಲ ಬೇರೆ ವಸ್ತುಗಳನ್ನು ಸೇರಿಸಿ ಕಟ್ಟಿದ ಭ್ರಮೆ. ಅದಕ್ಕೆ ಬಳಸುವುದರಲ್ಲಿ ಹೆಸರುವಾಸಿ ಕ್ಯಾಲೋನ್. ಫೈಜರ್ ಕಂಪನಿಯವರು 1966ರಲ್ಲಿ ಕಂಡುಹಿಡಿದದ್ದು. ಕಡಲಗಾಳಿ ಮತ್ತು ಕಲ್ಲಂಗಡಿಯ ನಡುವಿನ ವಾಸನೆ. 1992ರ ಲೋ ದಿಸ್ಸೆಯಂಥ ಪರ್ಫ್ಯೂಮುಗಳಿಂದ ಇದು ಎಲ್ಲ ಕಡೆ ಹರಡಿತು. ಇನ್ನೊಂದು ಆಂಬ್ರಾಕ್ಸಾನ್ ಅನ್ನುವ ಸುಗಂಧ ವಸ್ತು, ಉಪ್ಪುಗಾಳಿಗೆ ಒಣಗಿದ ಮರದ ಥರದ ವಾಸನೆ. ಪಾಚಿಯ ಸಾರವೂ ಉಂಟು; ಹೀಲಿಯ ಸೆಲ್ ಮರಾಂ ಮೂಸಿದರೆ ಆ ದಾರಿ ಗೊತ್ತಾಗುತ್ತದೆ. ಮೂರನೆಯ ಗುಂಪಿಗೆ ಜೋ ಮಲೋನ್‌ನ ವುಡ್ ಸೇಜ್ ಆಂಡ್ ಸೀ ಸಾಲ್ಟ್ ಒಳ್ಳೆಯ ಅಳತೆಗೋಲು.

ಅಪಾಯದ ಸೂಚನೆ: ವಿವರಣೆಯಲ್ಲಿ ‘ಮರೀನ್’, ‘ಓಝೋನಿಕ್’, ‘ಆಕ್ವಾಟಿಕ್’ ಮೂರೂ ಇದ್ದು, ಒಂದು ಹೂವಿನ ಹೆಸರೂ ಇಲ್ಲದಿದ್ದರೆ ಅದರಿಂದ ಸನ್‌ಸ್ಕ್ರೀನ್ ವಾಸನೆ ನಿರೀಕ್ಷಿಸಬೇಡಿ.

ಹಂತ 3: ಡಬ್ಬದ ಹಿಂಬದಿ ಓದಿ

ಪರ್ಫ್ಯೂಮಿನ ಡಬ್ಬದ ಹಿಂದೆ ಇರುವೆ ಸಾಲಿನಂಥ ಅಕ್ಷರದಲ್ಲಿ ಒಂದು ಪಟ್ಟಿ ಇರುತ್ತದೆ. ಅಲರ್ಜಿ ತರಬಹುದಾದ 26 ಸುಗಂಧ ವಸ್ತುಗಳನ್ನು ಹೆಸರು ಹಿಡಿದು ಬರೆಯಬೇಕು ಅಂತ ಯುರೋಪಿಯನ್ ಒಕ್ಕೂಟದ ನಿಯಮ 2005ರಲ್ಲಿ ಜಾರಿಗೆ ಬಂತು. 2023ರ ನಿಯಮ ಆ ಪಟ್ಟಿಯನ್ನು ಇನ್ನೂ ಉದ್ದ ಮಾಡಿದೆ. ಆ 26ರಲ್ಲಿ ನಮ್ಮ ಬೆಂಜೈಲ್ ಸ್ಯಾಲಿಸಿಲೇಟೂ ಒಂದು. ಅಂದರೆ ಡಬ್ಬ ತಿರುಗಿಸಿದರೆ ಸುಳಿವು ಪುಕ್ಕಟೆ ಸಿಗುತ್ತದೆ.

ಆದರೆ ಅದು ಇದೆ ಅಂದಮಾತ್ರಕ್ಕೆ ಸನ್‌ಸ್ಕ್ರೀನ್ ಘಮ ಖಚಿತ ಅಂತಲ್ಲ. ಬೇರೆ ಎಷ್ಟೋ ಹೂವಿನ ಪರ್ಫ್ಯೂಮುಗಳಲ್ಲೂ ಇರುತ್ತದೆ. ಇಲ್ಲವೇ ಇಲ್ಲ ಅಂದರೆ ಮಾತ್ರ ಅನುಮಾನ ಪಡಿ. ತೆಂಗಿನ ಘಮದ ಗಾಮಾ ನೋನಾಲ್ಯಾಕ್ಟೋನ್ ಆ 26ರಲ್ಲಿ ಬರುವುದಿಲ್ಲ, ಅದನ್ನು ಮೂಗೇ ಹೇಳಬೇಕು.

ಇದೇ ಪಟ್ಟಿಯಲ್ಲಿ ಒಂದು ಬಲೆಯೂ ಇದೆ. ‘ಎಥೈಲ್‌ಹೆಕ್ಸೈಲ್ ಸ್ಯಾಲಿಸಿಲೇಟ್’, ‘ಬ್ಯುಟೈಲ್ ಮೆಥಾಕ್ಸಿಡೈಬೆಂಜಾಯಿಲ್‌ಮೀಥೇನ್’ ಅಂತ ಉದ್ದುದ್ದ ಹೆಸರು ಕಾಣಿಸಬಹುದು. ಇವು ಸನ್‌ಸ್ಕ್ರೀನಿನಲ್ಲಿ ಬಳಸುವ ವಸ್ತುಗಳೇ. ಅದನ್ನು ನೋಡಿ ‘ಓಹೋ, ಇದು ಬಿಸಿಲನ್ನೂ ತಡೆಯುತ್ತೆ’ ಅಂದುಕೊಂಡವರು ಇದ್ದಾರೆ. ತಡೆಯುವುದಿಲ್ಲ. ಬೆಳಕಿಗೆ ಬಾಟಲಿಯೊಳಗಿನ ಪರ್ಫ್ಯೂಮಿನ ಬಣ್ಣ ಕೆಡದಿರಲಿ ಅಂತ ಚೂರೇ ಚೂರು ಹಾಕಿರುತ್ತಾರೆ. ನಿಮ್ಮ ಚರ್ಮಕ್ಕೂ ಅದಕ್ಕೂ ಸಂಬಂಧವಿಲ್ಲ.

ಹಂತ 4: ಕಾಗದದ ಮೇಲೆ ನಾಲ್ಕು ಸಲ ಮೂಸಿ

ಒಂದು ದಿನಕ್ಕೆ ಮೂರು ಪರ್ಫ್ಯೂಮ್ ಸಾಕು. ನಾಲ್ಕನೆಯದಕ್ಕೆ ಮೂಗು ಸುಳ್ಳು ಹೇಳಲು ಶುರು ಮಾಡುತ್ತದೆ.

ಪಟ್ಟಿಯ ಮೇಲೆ ಹೆಸರು, ಸಮಯ ಮೊದಲು ಬರೆಯಿರಿ, ಆಮೇಲೆ ಸ್ಪ್ರೇ. ತಕ್ಷಣ ಮೂಸಬೇಡಿ, ಆಲ್ಕೋಹಾಲ್ ಹಾರಲಿ. ಒಂದು ನಿಮಿಷಕ್ಕೆ ಒಂದು ಸಲ, 20 ನಿಮಿಷಕ್ಕೆ ಒಂದು ಸಲ, ಎರಡು ಗಂಟೆಗೆ ಒಂದು ಸಲ, ಮರುದಿನ ಬೆಳಿಗ್ಗೆ ಒಂದು ಸಲ. ಮೊದಲ ನಿಮಿಷದಲ್ಲಿ ಸಿಗುವ ನಿಂಬೆ, ಕಿತ್ತಳೆ ಎಲ್ಲ ಬೇಗ ಹಾರಿಹೋಗುವವು. ಅದನ್ನು ಮೆಚ್ಚಿ ಕೊಳ್ಳುವುದೂ ಒಂದೇ, ಮದುವೆ ಮನೆಯ ಬಾಗಿಲಿನ ಅಲಂಕಾರ ನೋಡಿ ಸಂಬಂಧ ಒಪ್ಪುವುದೂ ಒಂದೇ.

ಸ್ಯಾಲಿಸಿಲೇಟು ಕಾಗದದ ಮೇಲೆ ದಿನಗಟ್ಟಲೆ ನಿಲ್ಲುತ್ತದೆ. ಮರುದಿನ ಬೆಳಿಗ್ಗೆ ಪಟ್ಟಿಯಲ್ಲಿ ತೆಳ್ಳಗೆ, ನುಣ್ಣಗೆ, ಸ್ವಲ್ಪ ಸಿಹಿಯಾದ ಕ್ರೀಮು ವಾಸನೆ ಉಳಿದಿದ್ದರೆ ಸರಿಯಾದ ಬಾಟಲಿಯ ಹತ್ತಿರ ಬಂದಿದ್ದೀರಿ. ಬರೀ ಸೋಪಿನಂಥ ಮಸ್ಕ್ (ಕಸ್ತೂರಿ ಥರದ ವಾಸನೆ) ಅಥವಾ ಬರೀ ವೆನಿಲ್ಲಾ ಉಳಿದಿದ್ದರೆ ಮುಂದೆ ಹೋಗಿ.

ನಡುವೆ ಮೂಗು ದಣಿದರೆ ಕಾಫಿ ಬೀಜ ಮೂಸಬೇಕು ಅನ್ನುವ ಮಾತಿದೆ. ಸುಮ್ನೆ ಹೊರಗೆ ಹೋಗಿ ಗಾಳಿ ಕುಡಿದು ಬನ್ನಿ, ಅಷ್ಟೇ ಕೆಲಸ ಆಗುತ್ತದೆ.

ಹಂತ 5: ಚರ್ಮದ ಮೇಲೆ, ಬಿಸಿ ಹೊತ್ತಿನಲ್ಲಿ ಪರೀಕ್ಷಿಸಿ

ನಾನು ಮಾಡಿದ ಎಡವಟ್ಟು ಹೇಳುತ್ತೇನೆ. ಒಂದು ಕಡಲಗಾಳಿ ಪರ್ಫ್ಯೂಮನ್ನು ಸಂಜೆ ಎಸಿ ಕೋಣೆಯಲ್ಲಿ ಕಾಗದದ ಮೇಲೆ ಮೂಸಿದೆ. ತಣ್ಣಗೆ, ತೆಳ್ಳಗೆ, ನಿಜಕ್ಕೂ ಅಲೆಯ ಬುಡದಲ್ಲಿ ನಿಂತ ಹಾಗಿತ್ತು. ದೊಡ್ಡ ಬಾಟಲಿಯನ್ನೇ ತಂದೆ. ಮಾರನೆ ದಿನ ಮಧ್ಯಾಹ್ನ ಹಚ್ಚಿಕೊಂಡು ಹೊರಗೆ ಹೊರಟೆ. ಹತ್ತು ನಿಮಿಷದಲ್ಲಿ ಬೆವರಿದೆ, ಇಪ್ಪತ್ತು ನಿಮಿಷದಲ್ಲಿ ಹಿಂದಿನ ದಿನ ಕತ್ತರಿಸಿಟ್ಟ ಕಲ್ಲಂಗಡಿ ಸಿಪ್ಪೆಯ ವಾಸನೆ. ಜೊತೆಗಿದ್ದವರು ಕಿಟಕಿ ತೆರೆದರು, ಏನೂ ಹೇಳಲಿಲ್ಲ. ಆ ಬಾಟಲಿ ಈಗಲೂ ಮುಕ್ಕಾಲು ತುಂಬಿದೆ.

ಬಿಸಿಲಿಗೆ ಎಲ್ಲವೂ ಬೇಗ ಹಾರುತ್ತದೆ, ಹಾಗಾಗಿ ಎಲ್ಲವೂ ಜೋರಾಗಿ ಕೇಳಿಸುತ್ತದೆ. ಕ್ಯಾಲೋನ್, ತೆಂಗು, ಮಲ್ಲಿಗೆ ಬಳಗದ ಬಿಳಿ ಹೂಗಳು ತಣ್ಣಗಿದ್ದಾಗ ಒಂದು ಥರ, ಬೆಚ್ಚಗಾದಾಗ ಇನ್ನೊಂದು ಥರ. ಆದ್ದರಿಂದ ಸ್ಯಾಂಪಲ್ ತಂದು ಹೀಗೆ ಮಾಡಿ:

ಸ್ನಾನ ಮಾಡಿ, ವಾಸನೆಯ ಲೋಷನ್ ಏನೂ ಹಚ್ಚದೆ, ಮೊಣಕೈ ಒಳಭಾಗಕ್ಕೆ ಒಂದೇ ಸ್ಪ್ರೇ. ಉಜ್ಜಬೇಡಿ. ತುಂಬು ತೋಳಿನ ಬಟ್ಟೆ ಹಾಕಿ ದಿನದ ಅತಿ ಬಿಸಿ ಹೊತ್ತಿನಲ್ಲಿ ಅರ್ಧ ಗಂಟೆ ಹೊರಗೆ ಓಡಾಡಿ. ಹಚ್ಚಿದ ಜಾಗ ಬಟ್ಟೆಯ ಒಳಗೇ ಇರಲಿ. ನಮಗೆ ಬೇಕಿರುವುದು ಶಾಖ, ನೇರ ಬಿಸಿಲಲ್ಲ. ವಾಪಸ್ ಬಂದು ಚೀಟಿಯ ಐದು ಪದಗಳ ಎದುರು ಟಿಕ್ ಹಾಕಿ. ಮೂರು ಟಿಕ್ ಬಿದ್ದರೆ ಇನ್ನೊಂದು ದಿನ ಇದನ್ನೇ ಮತ್ತೆ ಮಾಡಿ. ಎರಡನೇ ದಿನವೂ ಮೂರು ಬಿದ್ದರೆ ಮಾತ್ರ ಬಾಟಲಿ ಕೊಳ್ಳಿ.

ನಿಲ್ಲಿಸಬೇಕಾದ ಸೂಚನೆಗಳು: ಚರ್ಮ ಕೆಂಪಾಗುವುದು, ತುರಿಕೆ, ಉರಿ. ಹಂತ 3ರ ಪಟ್ಟಿ ಇರುವುದೇ ಇದಕ್ಕೆ. ತೊಳೆದು, ಪಟ್ಟಿಯ ಫೋಟೊ ಇಟ್ಟುಕೊಳ್ಳಿ, ವೈದ್ಯರಿಗೆ ತೋರಿಸಲು ಬೇಕಾಗುತ್ತದೆ. ತಲೆನೋವು ಬಂದರೂ ಆ ಪರ್ಫ್ಯೂಮ್ ನಿಮಗಲ್ಲ.

ಹಂತ 6: ಸನ್‌ಸ್ಕ್ರೀನ್ ಮೊದಲು, ಪರ್ಫ್ಯೂಮ್ ಆಮೇಲೆ, ಅದೂ ಬಟ್ಟೆಗೆ

ಈ ಕ್ರಮದಲ್ಲಿ ರಾಜಿ ಇಲ್ಲ. ಹೊರಡುವ 15 ನಿಮಿಷ ಮೊದಲು ಸನ್‌ಸ್ಕ್ರೀನ್ ಹಚ್ಚಿ, ಕೂರಲು ಬಿಡಿ. ಬಟ್ಟೆ ಹಾಕಿಕೊಳ್ಳಿ. ಪರ್ಫ್ಯೂಮನ್ನು ಬಟ್ಟೆಗೆ, ಅಥವಾ ಬಟ್ಟೆ ಮುಚ್ಚುವ ಜಾಗಕ್ಕೆ ಹಾಕಿ. ಹಚ್ಚಿದ ಸನ್‌ಸ್ಕ್ರೀನ್ ಮೇಲೆಯೇ ಆಲ್ಕೋಹಾಲ್ ಸ್ಪ್ರೇ ಹೊಡೆದರೆ ಆ ಪದರ ಕದಡಬಹುದು. ಎರಡು ಗಂಟೆಗೊಮ್ಮೆ, ಈಜಿದ ಮೇಲೆ ತಕ್ಷಣ, ಮತ್ತೆ ಹಚ್ಚಬೇಕಾದ್ದು ಸನ್‌ಸ್ಕ್ರೀನ್, ಪರ್ಫ್ಯೂಮ್ ಅಲ್ಲ.

ಬಿಸಿಲಿಗೆ ತೆರೆದ ಚರ್ಮಕ್ಕೆ ಯಾಕೆ ಬೇಡ ಅಂದರೆ, ಬರ್ಗಮಾಟ್ ಅನ್ನುವ ನಿಂಬೆ ಜಾತಿಯ ಹಣ್ಣಿನ ಸಿಪ್ಪೆಯನ್ನು ಹಿಂಡಿ ತೆಗೆದ ಎಣ್ಣೆಯಲ್ಲಿ ಬರ್ಗಾಪ್ಟೆನ್ ಅನ್ನುವ ವಸ್ತು ಇದೆ. ಅದು ಹತ್ತಿದ ಚರ್ಮದ ಮೇಲೆ ಬಿಸಿಲು ಬಿದ್ದರೆ ಸುಟ್ಟಂತೆ ಕೆಂಪಾಗಿ, ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯಬಹುದು. ಕುತ್ತಿಗೆಯ ಮೇಲೆ ಪರ್ಫ್ಯೂಮ್ ಹರಿದ ದಾರಿಯಲ್ಲೇ ಉದ್ದಕ್ಕೆ ಹನಿಯಾಕಾರದ ಕಲೆ ಬೀಳುವುದು ಇದರ ಗುರುತು. ಕಂಪನಿಗಳು ಈಗ ಬರ್ಗಾಪ್ಟೆನ್ ತೆಗೆದ ಎಣ್ಣೆ ಬಳಸುತ್ತವೆ, ಇಲ್ಲವೇ ಮಿತಿಯೊಳಗೆ ಇರುತ್ತವೆ. ಹಿಂಡಿದ ಬರ್ಗಮಾಟ್ ಎಣ್ಣೆಗೆ ಸುಗಂಧ ಉದ್ಯಮದ ಸಂಸ್ಥೆ ಇಫ್ರಾ ಇಟ್ಟಿರುವ ಮಿತಿ, ಚರ್ಮದ ಮೇಲೆ ಉಳಿಯುವ ಉತ್ಪನ್ನದಲ್ಲಿ ಶೇ. 0.4. ನಿಜವಾದ ಅಪಾಯ ಮನೆಯಲ್ಲೇ ಎಣ್ಣೆ ಬೆರೆಸಿ ಪರ್ಫ್ಯೂಮ್ ಮಾಡುವವರಿಗೆ. ಹಿಂಡಿ ತೆಗೆದ ಬರ್ಗಮಾಟ್, ನಿಂಬೆ ಎಣ್ಣೆ ಕೈಗೆ ಬಂದರೆ ಬಿಸಿಲಿಗೆ ಹೋಗುವ ಮೈಗೆ ಹಚ್ಚಬೇಡಿ. ಬೇಕೇ ಬೇಕು ಅಂದರೆ ‘ಎಫ್‌ಸಿಎಫ್’ ಅಂತ ಬರೆದಿರುವ ಬರ್ಗಮಾಟನ್ನೇ ಕೊಳ್ಳಿ, ಅದರಲ್ಲಿ ಆ ವಸ್ತುವನ್ನು ತೆಗೆದಿರುತ್ತಾರೆ.

ಹಂತ 7: ಎಷ್ಟು, ಎಲ್ಲಿ

ಬಿಸಿಲಿಗೆ ಎರಡು ಸ್ಪ್ರೇ. ತೆಂಗು, ವೆನಿಲ್ಲಾ ಜಾಸ್ತಿ ಇದ್ದರೆ ಒಂದೇ. ಬಾಟಲಿಯ ಮೇಲೆ ‘ಓ ದ ಟಾಯ್ಲೆಟ್’ ಅಂತಿದ್ದರೆ ಅದು ಹೆಚ್ಚು ತೆಳುವಾಗಿರುವುದರಿಂದ ಮೂರರವರೆಗೆ ಹೋಗಬಹುದು. ಒಂದು ಗಂಟೆ ಆದ ಮೇಲೆ ನಿಮಗೇ ವಾಸನೆ ಬರುತ್ತಿಲ್ಲ ಅಂತ ಮತ್ತೆ ಹೊಡೆದುಕೊಳ್ಳಬೇಡಿ. ನಿಮ್ಮ ಮೂಗು ಒಗ್ಗಿಕೊಂಡಿರುತ್ತದೆ, ಪಕ್ಕದವರದ್ದು ಒಗ್ಗಿರುವುದಿಲ್ಲ.

ಈಗ ಆ ಬಿಳಿ ಬಟ್ಟೆ ತೆಗೆಯಿರಿ. ವೆನಿಲ್ಲಾ ಇರುವ ಪರ್ಫ್ಯೂಮ್ ಕಾಲಕ್ರಮೇಣ ಕಂದು ಬಣ್ಣಕ್ಕೆ ತಿರುಗುತ್ತದೆ. ಈ ಗುಂಪಿನ ಬಹಳ ಬಾಟಲಿಗಳು ಹಳದಿಯಾಗಿಯೋ ಚಿನ್ನದ ಬಣ್ಣದಲ್ಲೋ ಇರುವುದನ್ನು ನೋಡಿರುತ್ತೀರಿ. ಬಟ್ಟೆಯ ಮೇಲೆ ಹತ್ತಿರದಿಂದ ಒಂದು ಸ್ಪ್ರೇ, 15 ಸೆಂಟಿಮೀಟರ್ ದೂರದಿಂದ ಒಂದು ಸ್ಪ್ರೇ ಹೊಡೆದು ಒಣಗಿಸಿ. ದೂರದ್ದೂ ಕಲೆ ಬಿಟ್ಟರೆ ತಿಳಿ ಬಣ್ಣದ ಬಟ್ಟೆಯ ಒಳಮಗ್ಗುಲಿಗೆ ಮಾತ್ರ ಹಾಕಿ. ರೇಷ್ಮೆಗೂ ಮುತ್ತಿಗೂ ಯಾವುದೂ ಬೇಡ.

ಹಂತ 8: ಒಂದರ ಮೇಲೊಂದು ಹಚ್ಚುವುದು, ಬೇಕಿದ್ದರೆ ಮಾತ್ರ

ನಿಮಗೆ ನೀರೂ ಬೇಕು, ಮೈಯ ವಾಸನೆಯೂ ಬೇಕು ಅಂದರೆ ಎರಡು ಪರ್ಫ್ಯೂಮ್ ಸೇರಿಸಬಹುದು. ಭಾರದ್ದನ್ನು ಮೊದಲು ಬಟ್ಟೆಯೊಳಗಿನ ಮೈಗೆ ಒಂದು ಸ್ಪ್ರೇ, ಉಪ್ಪಿನದ್ದನ್ನು ಆಮೇಲೆ ಬಟ್ಟೆಗೆ ಒಂದು ಸ್ಪ್ರೇ. ಮೂರನೆಯದನ್ನು ತರಬೇಡಿ. ಇಷ್ಟು ಕಷ್ಟ ಬೇಡ ಅನ್ನುವವರಿಗೆ ಇನ್ನೂ ಸುಲಭದ್ದಿದೆ: ಹಿತವಾದ ವಾಸನೆಯ ಸನ್‌ಸ್ಕ್ರೀನನ್ನೇ ಆರಿಸಿ, ಮೇಲೆ ಒಂದು ಸರಳ ಉಪ್ಪಿನ ಪರ್ಫ್ಯೂಮ್. ನನಗೆ ಇದೇ ಹೆಚ್ಚು ಇಷ್ಟ.

ಮೊನೊಯ್ ಎಣ್ಣೆ ಬಳಸುವವರಿಗೆ ಒಂದು ಮಾತು. ತಿಯಾರೆ ಹೂವನ್ನು ತೆಂಗಿನೆಣ್ಣೆಯಲ್ಲಿ ನೆನೆಸಿ ಮಾಡುವ ತಾಹಿತಿಯ ಎಣ್ಣೆ ಇದು, ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಾದರೆ ಗಟ್ಟಿಯಾಗುತ್ತದೆ. ಕೆಟ್ಟಿದೆ ಅಂತ ಎಸೆಯಬೇಡಿ, ಬೆಚ್ಚನೆ ನೀರಲ್ಲಿ ಬಾಟಲಿ ಇಟ್ಟರೆ ಕರಗುತ್ತದೆ. ವಾಸನೆ ಸನ್‌ಸ್ಕ್ರೀನಿನದಾದರೂ ಇದು ಸನ್‌ಸ್ಕ್ರೀನ್ ಅಲ್ಲ. ರಾತ್ರಿ ಸ್ನಾನದ ನಂತರ ಹಚ್ಚಿ, ಬಿಸಿಲಿಗಲ್ಲ.

ಹಂತ 9: ಇಡುವ ಜಾಗ

ಬೇಸಿಗೆ ಪರ್ಫ್ಯೂಮನ್ನು ಬೇಸಿಗೆಯೇ ಕೆಡಿಸುತ್ತದೆ. ಕಿಟಕಿ ಅಂಚು, ಬಚ್ಚಲುಮನೆ ಬೇಡ. ಡಬ್ಬದೊಳಗೆ, ಕತ್ತಲೆಯ ಕಪಾಟಿನಲ್ಲಿಡಿ. ನಿಲ್ಲಿಸಿದ ಕಾರಿನಲ್ಲಂತೂ ಬಿಡಲೇಬೇಡಿ, ಒಳಗಿರುವುದು ಬೆಂಕಿ ಹತ್ತುವ ಆಲ್ಕೋಹಾಲ್. ಬೀಚಿಗೆ ಒಯ್ಯಲು ಐದು ಮಿಲಿಲೀಟರಿನ ಸಣ್ಣ ಸ್ಪ್ರೇ ಬಾಟಲಿಗೆ ತುಂಬಿಕೊಂಡು ಟವೆಲ್ಲಿನಲ್ಲಿ ಸುತ್ತಿ.

ಬಣ್ಣ ಗಾಢವಾದ ಮಾತ್ರಕ್ಕೆ ಕೆಟ್ಟಿದೆ ಅಂತಲ್ಲ, ಅದು ವೆನಿಲ್ಲಾದ ಕೆಲಸ ಇರಬಹುದು. ಸ್ಪ್ರೇ ಮಾಡಿದ ಮೊದಲ ಕ್ಷಣ ಹುಳಿ, ವಿನೆಗರ್ ಅಥವಾ ಉಗುರುಬಣ್ಣದ ವಾಸನೆ ಬಂದರೆ ಕಾಗದದ ಮೇಲೆ ಹತ್ತು ನಿಮಿಷ ಕಾಯಿರಿ. ಹೋದರೆ ಮೇಲಿನ ನಿಂಬೆ, ಕಿತ್ತಳೆ ಅಂಶ ಮಾತ್ರ ಕೆಟ್ಟಿದೆ, ಬಟ್ಟೆಗೆ ಬಳಸಬಹುದು. ಎಣ್ಣೆಯ ಕಮಟು ವಾಸನೆ ಉಳಿದರೆ ಬಾಟಲಿಯನ್ನು ಬಿಟ್ಟುಬಿಡಿ.